ವಿಡಿಯೊ ಸಂಕಲನಕ್ಕೆ ದೊಡ್ಡ ಲ್ಯಾಪ್‌ಟಾಪ್: ಕಲಬುರಗಿ ಮತ್ತು ಕಮಲಾಪುರದಲ್ಲಿ ಆಯ್ಕೆ

ವಿಡಿಯೊ ಎಡಿಟಿಂಗ್, ಬಣ್ಣ ತಿದ್ದುವುದು, ಧ್ವನಿ ಜೋಡಣೆ, ಮದುವೆ ಆಲ್ಬಂ ವಿನ್ಯಾಸ ಮುಂತಾದ ಕೆಲಸಗಳಿಗೆ ಬಳಸುವ ದೊಡ್ಡ ಲ್ಯಾಪ್‌ಟಾಪುಗಳ ಪರದೆ 16ರಿಂದ 18 ಇಂಚು ಇರುತ್ತದೆ. ಒಳಗೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುತ್ತದೆ. ತೂಕ ಎರಡರಿಂದ ಮೂರೂವರೆ ಕಿಲೊ. ಚಾರ್ಜರ್ ಸೇರಿದರೆ ಇನ್ನೂ ಹೆಚ್ಚು. ಕಲಬುರಗಿ ನಗರದ ಸ್ಟುಡಿಯೊಗಳು, ಯೂಟ್ಯೂಬ್ ವಾಹಿನಿಗಳು, ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಹುಮನಾಬಾದ್ ರಸ್ತೆಯಲ್ಲಿ ನಗರದಿಂದ ಸುಮಾರು 35 ಕಿ.ಮೀ. ದೂರದ ತಾಲ್ಲೂಕು ಕೇಂದ್ರವಾದ ಕಮಲಾಪುರದ ಫೋಟೊ-ವಿಡಿಯೊದವರು ಇಂಥ ಯಂತ್ರ ಕೊಳ್ಳುವಾಗ ಏನೇನು ನೋಡಬೇಕು ಎಂಬುದು ಈ ಲೇಖನದ ವಿಷಯ. ಹಂಪಿಯ ಪಕ್ಕದ ಕಮಲಾಪುರ ಬೇರೆ. ಇಲ್ಲಿ ಹೇಳುತ್ತಿರುವುದು ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕ ಪಡೆದ ಕಲಬುರಗಿ ಜಿಲ್ಲೆಯ ಊರು.

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್’ ಎಂದು. ಈ ಭಾಗದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದವು ಎರಡಿವೆ: ಕ್ಯಾಮೆರಾ ಎಂಥ ಫೈಲ್ ಬರೆಯುತ್ತದೆ, ಮತ್ತು ಯಂತ್ರ ಕೆಲಸ ಮಾಡುವ ಕೋಣೆ ಮೇ ತಿಂಗಳಲ್ಲಿ ಎಷ್ಟು ಬಿಸಿಯಾಗುತ್ತದೆ. ಈ ಎರಡಕ್ಕೆ ಉತ್ತರ ಗೊತ್ತಿದ್ದವರಿಗೆ ಚಿಪ್ಪಿನ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಗೊತ್ತಿಲ್ಲದೆ ಕೊಂಡವರ ಹಣ ಬಹುಮಟ್ಟಿಗೆ ಹೆಸರಿಗೇ ಹೋಗುತ್ತದೆ.

ಹಿನ್ನೆಲೆ

ಚಲಿಸುವ ಚಿತ್ರದ ತಂತ್ರಜ್ಞಾನ ಕಲಬುರಗಿಗೆ ತಡವಾಗಿ ಬಂತೆಂದು ತಿಳಿಯುವುದು ತಪ್ಪು. ಕರ್ನಾಟಕದಲ್ಲಿ ದೂರದರ್ಶನ ಮೊದಲು ಕಂಡದ್ದು ಈ ಸೀಮೆಯ ಹಳ್ಳಿಗಳಲ್ಲಿ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದ ಪಾಲಿಗೆ ಬಂದ ಹಳ್ಳಿಗಳು ಗುಲ್ಬರ್ಗ (ಇಂದಿನ ಕಲಬುರಗಿ), ರಾಯಚೂರು, ವಿಜಾಪುರ ಜಿಲ್ಲೆಗಳವು. ಬೆಂಗಳೂರಿನಲ್ಲಿ ದೂರದರ್ಶನ 1981ರಲ್ಲಿ ಶುರುವಾದರೆ, ಗುಲ್ಬರ್ಗದ ಪ್ರಸಾರ ಕೇಂದ್ರ 1977ರಲ್ಲೇ ಕೆಲಸ ಆರಂಭಿಸಿತ್ತು. ಅದಕ್ಕೂ ಮೊದಲೇ, 1966ರಲ್ಲಿ, ಆಕಾಶವಾಣಿ ಕೇಂದ್ರ ಬಂದಿತ್ತು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ, 2009ರಲ್ಲಿ ಆರಂಭವಾಗಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ನೆಲೆ ನಿಂತ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಈ ಪರಂಪರೆಗೆ ಸುಶಿಕ್ಷಿತ ಕೈಗಳನ್ನು ಸೇರಿಸಿವೆ.

ಆದರೆ ಊರ ವಿಡಿಯೊ ಕಲೆಯನ್ನು ನಿಜವಾಗಿ ಬೆಳೆಸಿದ್ದು ಮದುವೆ. ಮೊದಲು ವಿಎಚ್‌ಎಸ್ ಕ್ಯಾಸೆಟ್ಟು ಮತ್ತು ಮಿಕ್ಸರ್. ಆಮೇಲೆ ಮಿನಿಡಿವಿ ಟೇಪು ಮತ್ತು ಸೋನಿ ಪಿಡಿ-170ರಂಥ ಕ್ಯಾಮೆರಾ. ಮಿನಿಡಿವಿಯ ಒಂದು ಗಂಟೆ ಚಿತ್ರ ಗಣಕಕ್ಕೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತಿತ್ತು. ಆ ಕಾಲದಲ್ಲಿ ಭಾರತದ ಮದುವೆ ಸ್ಟುಡಿಯೊಗಳಲ್ಲಿ ನೆಲೆಯೂರಿದ ತಂತ್ರಾಂಶ ಎಡಿಯಸ್. ಅದನ್ನು ರೂಪಿಸಿದ್ದು ಜಪಾನಿನ ಕೋಬೆ ನಗರದ ಕ್ಯಾನೋಪಸ್ ಕಂಪನಿ. ಇಂದಿಗೂ ಅನೇಕ ಹಳೆಯ ಎಡಿಟರುಗಳ ಬೆರಳು ಎಡಿಯಸ್‌ಗೇ ಒಗ್ಗಿವೆ. ಈ ಇತಿಹಾಸ ಲ್ಯಾಪ್‌ಟಾಪ್ ಆಯ್ಕೆಗೆ ನೇರವಾಗಿ ತಾಗುತ್ತದೆ: ಎಡಿಯಸ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ವರ್ಷಗಳಿಂದ ಕೂಡಿಟ್ಟ ಎಡಿಯಸ್ ಪ್ರಾಜೆಕ್ಟುಗಳು, ಟೆಂಪ್ಲೇಟುಗಳು ಇರುವ ಸ್ಟುಡಿಯೊ ಎಷ್ಟೇ ಒಳ್ಳೆಯ ಮ್ಯಾಕ್‌ಬುಕ್ ಕೊಂಡರೂ ಆ ಆಸ್ತಿಯನ್ನು ಅದರಲ್ಲಿ ತೆರೆಯಲಾಗದು. ಅಡೋಬ್ ಪ್ರೀಮಿಯರ್ ಮತ್ತು ಡಾವಿಂಚಿ ರಿಸಾಲ್ವ್ ಎರಡೂ ಕಡೆ ಓಡುತ್ತವೆ; ಫೈನಲ್ ಕಟ್ ಪ್ರೊ ಮ್ಯಾಕ್‌ಗೆ ಸೀಮಿತ.

ಕ್ಯಾಮೆರಾ ಬರೆಯುವ ಫೈಲು

4ಕೆ ವಿಡಿಯೊ ಬರೆಯುವ ಸಾಮಾನ್ಯ ಮಿರರ್‌ಲೆಸ್ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಅರಿಶಿನದಿಂದ ಅಕ್ಷತೆವರೆಗೆ ಎರಡು ಕ್ಯಾಮೆರಾ ಆರಾರು ಗಂಟೆ ಓಡಿದರೆ 540 ಜಿಬಿ. ಅರ್ಧ ಟಿಬಿ ಎಸ್‌ಎಸ್‌ಡಿಯ ಲ್ಯಾಪ್‌ಟಾಪ್ ಒಂದೇ ಮದುವೆಗೆ ತುಂಬಿಹೋಗುತ್ತದೆ ಎಂಬುದು ಈ ಲೆಕ್ಕದಲ್ಲೇ ಇದೆ.

ಗಾತ್ರಕ್ಕಿಂತ ಹೆಚ್ಚು ಕಾಡುವುದು ಫೈಲಿನ ಒಳರಚನೆ. ಎಚ್.264 ಮತ್ತು ಎಚ್.265 ಎರಡೂ ಸಾಮಾನ್ಯವಾಗಿ ಪ್ರತಿ ಫ್ರೇಮನ್ನು ಪೂರ್ತಿ ಬರೆಯುವುದಿಲ್ಲ. ಒಂದು ಪೂರ್ಣ ಫ್ರೇಮ್ ಬರೆದು, ಅದರ ಹಿಂದುಮುಂದಿನ ಹಲವು ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ದಾಖಲಿಸುತ್ತವೆ. ಸುಮ್ಮನೆ ನೋಡುವಾಗ ಇದರಿಂದ ತೊಂದರೆಯಿಲ್ಲ. ಎಡಿಟ್ ಮಾಡುವವರು ಟೈಮ್‌ಲೈನಿನಲ್ಲಿ ಅತ್ತಿತ್ತ ಜಿಗಿದಾಗಲೆಲ್ಲ ಯಂತ್ರ ಹಿಂದಿನ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕು. ‘ಟೈಮ್‌ಲೈನ್ ಹ್ಯಾಂಗ್ ಆಗ್ತದ’ ಎಂಬ ದೂರಿನ ಮೂಲ ಬಹಳ ಸಲ ಇದೇ.

ಈ ಲೆಕ್ಕವನ್ನು ಪ್ರೊಸೆಸರಿನ ಸಾಮಾನ್ಯ ಕೋರ್‌ಗಳು ಮಾಡಿದರೆ ನಿಧಾನ, ಬಿಸಿಯೂ ಹೆಚ್ಚು. ಅದಕ್ಕೆಂದೇ ಚಿಪ್ಪಿನೊಳಗೆ ಪ್ರತ್ಯೇಕ ಭಾಗ ಇರುತ್ತದೆ. ಇಂಟೆಲ್‌ನಲ್ಲಿ ಅದರ ಹೆಸರು ಕ್ವಿಕ್ ಸಿಂಕ್. ಎನ್‌ವಿಡಿಯಾ, ಎಎಂಡಿ, ಆ್ಯಪಲ್‌ಗಳಲ್ಲೂ ಅಂಥದ್ದಿದೆ. ಆದರೆ ಎಲ್ಲವೂ ಎಲ್ಲ ಬಗೆಯ ಫೈಲುಗಳನ್ನು ಬಿಡಿಸಲಾರವು (ಡಿಕೋಡ್ ಮಾಡಲಾರವು). ಮದುವೆ ಸ್ಟುಡಿಯೊಗಳಲ್ಲಿ ಈಗ ಕಾಣುವ ಸೋನಿ ಎ7 IVರಂಥ ಕ್ಯಾಮೆರಾಗಳು 10 ಬಿಟ್ 4:2:2 ಬಣ್ಣ ಬರೆಯುತ್ತವೆ. ಬಣ್ಣ ತಿದ್ದಲು ಅದು ಬಹಳ ಒಳ್ಳೆಯದು, ಬಿಡಿಸಲು ಮಾತ್ರ ಕಷ್ಟ. ಎಚ್.265ರಲ್ಲಿ ಬರೆದ 4:2:2 ಫೈಲನ್ನು 11ನೇ ತಲೆಮಾರು ಮತ್ತು ಅದರ ನಂತರದ ಇಂಟೆಲ್ ಚಿಪ್ಪುಗಳು, ಆ್ಯಪಲ್‌ನ ಎಂ ಸರಣಿ, ಮತ್ತು 2025ರಲ್ಲಿ ಲ್ಯಾಪ್‌ಟಾಪಿಗೆ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 50 ಸರಣಿ ಸರಾಗವಾಗಿ ಬಿಡಿಸುತ್ತವೆ. ಆರ್‌ಟಿಎಕ್ಸ್ 40 ಸರಣಿಗೆ ಅದು ಬರುವುದಿಲ್ಲ. ಎಎಂಡಿ ರೈಜನ್ ಚಿಪ್ಪುಗಳಲ್ಲಿ ಕೋರ್‌ಗಳ ಬಲ ಎಷ್ಟಿದ್ದರೂ ಈ ಒಂದು ಕೆಲಸದಲ್ಲಿ ಅವು ಹಿಂದೆ ಬಿದ್ದಿದ್ದವು. ಎಚ್.264ರಲ್ಲಿ ಬರೆದ 10 ಬಿಟ್ 4:2:2 ಇನ್ನೂ ತೊಡಕಿನದು. ಬಹುತೇಕ ಚಿಪ್ಪುಗಳು ಅದನ್ನು ಕೋರ್‌ಗಳ ಬಲದಿಂದಲೇ ಬಿಡಿಸಬೇಕು. ಹಾಗಾಗಿ ಲ್ಯಾಪ್‌ಟಾಪ್ ನೋಡಲು ಅಂಗಡಿಗೆ ಹೋಗುವಾಗ ತಮ್ಮ ಕ್ಯಾಮೆರಾದ ಎರಡು ನಿಮಿಷದ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ದು, ಅಲ್ಲೇ ತೆರೆದು ಎಳೆದಾಡಿ ನೋಡುವುದಕ್ಕಿಂತ ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ.

ಇದರ ಜೊತೆಗೇ ತಿಳಿದಿರಬೇಕಾದ ಒಂದು ಸಣ್ಣ ಸಂಗತಿ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎನ್‌ವಿಡಿಯಾ ಕಾರ್ಡನ್ನು ಮಾತ್ರ ಬಳಸುವ ಒಂದು ಆಯ್ಕೆ ಇರುತ್ತದೆ. ಆಟ ಆಡುವವರಿಗೆ ಅದು ವೇಗ ಕೊಡುತ್ತದೆ. ವಿಡಿಯೊದವರು ಅದನ್ನು ಹಾಕಿಕೊಂಡರೆ ಇಂಟೆಲ್‌ನ ಒಳಗ್ರಾಫಿಕ್ಸ್ ಮುಚ್ಚಿಹೋಗಿ ಕ್ವಿಕ್ ಸಿಂಕ್ ಕಾಣದಂತಾಗುತ್ತದೆ. ಎರಡೂ ಚಿಪ್ಪು ತೆರೆದಿರುವ ಹೈಬ್ರಿಡ್ ಸ್ಥಿತಿಯಲ್ಲೇ ಯಂತ್ರವನ್ನು ಇಡಬೇಕು.

ಹೊಸ ಯಂತ್ರಕ್ಕೆ ಹಣ ಇಲ್ಲದವರಿಗೆ ಪ್ರಾಕ್ಸಿ ಎಂಬ ದಾರಿ ಇದೆ. ಮೂಲ ಫೈಲುಗಳಿಂದ ಚಿಕ್ಕ, ಸುಲಭ ರಚನೆಯ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಎಡಿಟ್ ಮಾಡಿ, ಕೊನೆಗೆ ರೆಂಡರ್ ಹೊತ್ತಿಗೆ ಮೂಲಕ್ಕೆ ಮರಳುವ ಕ್ರಮ ಇದು. ಪ್ರೊರೆಸ್ ಪ್ರಾಕ್ಸಿಯಲ್ಲಿ 1080 ಗಾತ್ರದ, 25 ಫ್ರೇಮಿನ ಒಂದು ಗಂಟೆ ಚಿತ್ರ ಸುಮಾರು 17 ಜಿಬಿ ಆಗುತ್ತದೆ. ಪ್ರತಿ ಮಾಡಲು ಹೊತ್ತು ಹಿಡಿಯುತ್ತದೆ ನಿಜ, ಆದರೆ ಅದನ್ನು ರಾತ್ರಿ ಹಚ್ಚಿಟ್ಟು ಮಲಗಬಹುದು. ಪ್ರಾಕ್ಸಿ ಕಲಿತ ಎಡಿಟರಿಗೆ ಐದು ವರ್ಷದ ಹಳೆಯ ಲ್ಯಾಪ್‌ಟಾಪೂ ಸಾಕಾಗುತ್ತದೆ. ಸಾಲ ಮಾಡಿ ಯಂತ್ರ ಕೊಳ್ಳಲು ಹೊರಟ ಪ್ರತಿಯೊಬ್ಬ ಹುಡುಗನಿಗೂ ಹುಡುಗಿಗೂ ಈ ಮಾತನ್ನು ಯಾರಾದರೂ ಮೊದಲು ಹೇಳಬೇಕು.

ಚಿಪ್ಪು, ಮೆಮೊರಿ

ಇಂಟೆಲ್‌ನಲ್ಲಿ ಎಚ್ ಅಥವಾ ಎಚ್‌ಎಕ್ಸ್ ಗುರುತಿನ, ರೈಜನ್‌ನಲ್ಲಿ ಎಚ್‌ಎಸ್ ಅಥವಾ ಎಚ್‌ಎಕ್ಸ್ ಗುರುತಿನ ಪ್ರೊಸೆಸರುಗಳು ಈ ಕೆಲಸದವು; ಯು ಗುರುತಿನವು ಬ್ಯಾಟರಿ ಉಳಿಸಲು ಮಾಡಿದವು. ಮೆಮೊರಿ 16 ಜಿಬಿ ಇದ್ದರೆ ಸರಳ ಕೆಲಸ ನಡೆಯುತ್ತದೆ. 4ಕೆ ಮಲ್ಟಿಕ್ಯಾಮ್ ಮಾಡುತ್ತ ಪಕ್ಕದಲ್ಲಿ ಆಲ್ಬಂಗೆ ಫೋಟೊಶಾಪ್ ತೆರೆದಿಡುವವರಿಗೆ 32 ಜಿಬಿ ಬೇಕು. ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸಲಾಗದು. ಸ್ಲಾಟ್ ಇರುವ ಯಂತ್ರವಾದರೆ ಒಂದೇ ಕಡ್ಡಿಗಿಂತ ಜೋಡಿ ಕಡ್ಡಿ ಹಾಕಿಸುವುದು ಮೇಲು, ಏಕೆಂದರೆ ಒಂದೇ ಇದ್ದಾಗ ಮೆಮೊರಿಯ ಸಾಗಣೆ ಅರ್ಧಕ್ಕಿಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಹೆಸರೇ ದಾರಿ ತಪ್ಪಿಸುವುದುಂಟು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪನ್ನು ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ತಮಗೆ ಬೇಕಾದ ಮಟ್ಟದಲ್ಲಿ ಓಡಿಸಬಹುದು. ಒಂದೇ ಹೆಸರಿನ ಎರಡು ಯಂತ್ರಗಳ ವೇಗ ಆದ್ದರಿಂದ ಒಂದೇ ಇರಬೇಕಿಲ್ಲ. ಡೆಸ್ಕ್‌ಟಾಪಿನ 4090ಕ್ಕೆ 24 ಜಿಬಿ ಸ್ವಂತ ಮೆಮೊರಿ, ಲ್ಯಾಪ್‌ಟಾಪಿನ 4090ಕ್ಕೆ 16 ಜಿಬಿ. ಹೆಸರು ಒಂದಾದರೂ ಚಿಪ್ಪು ಬೇರೆ. ವಿವರಪಟ್ಟಿಯಲ್ಲಿ ವ್ಯಾಟ್ ಬರೆಯದ ಯಂತ್ರವನ್ನು ಅನುಮಾನದಿಂದಲೇ ನೋಡಬೇಕು. ರಿಸಾಲ್ವ್ ಬಳಸುವವರಿಗೆ ಕಾರ್ಡಿನ ಮೆಮೊರಿ ಮುಖ್ಯ: 4ಕೆಯಲ್ಲಿ ನಾಯ್ಸ್ ತೆಗೆಯುವಂಥ ಭಾರದ ಕೆಲಸ ಮಾಡಿದಾಗ 6 ಜಿಬಿ ಬೇಗ ತುಂಬುತ್ತದೆ. 8 ಜಿಬಿ ಕನಿಷ್ಠ, 12 ನೆಮ್ಮದಿ.

ಆ್ಯಪಲ್ 2021ರಲ್ಲಿ ತಂದ ಎಂ1 ಪ್ರೊ ಚಿಪ್ಪಿನ 16 ಇಂಚಿನ ಮ್ಯಾಕ್‌ಬುಕ್ ಪ್ರೊ ಮತ್ತು ಅದರ ನಂತರದವು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಅವುಗಳ ಚಾರ್ಜರ್ 140 ವ್ಯಾಟಿನದು. ವಿಂಡೋಸ್‌ನ ಬಲವಾದ ಯಂತ್ರಗಳದು 230ರಿಂದ 330 ವ್ಯಾಟ್. ಚಾರ್ಜರ್ ಇಲ್ಲದಾಗಲೂ ಮ್ಯಾಕ್‌ನ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಿಸಿಲೂ ಕರೆಂಟೂ ಕಾಡುವ ಸೀಮೆಗೆ ಇವು ದೊಡ್ಡ ಗುಣಗಳು. ಬೆಲೆ, ಎಡಿಯಸ್ ಇಲ್ಲದಿರುವುದು, ಮೆಮೊರಿಯಾಗಲಿ ಎಸ್‌ಎಸ್‌ಡಿಯಾಗಲಿ ಮುಂದೆ ಹೆಚ್ಚಿಸಲಾಗದಿರುವುದು ಮ್ಯಾಕ್‌ನ ಮಿತಿಗಳು.

ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಗರಿಷ್ಠ ಉಷ್ಣಾಂಶ 40 ಡಿಗ್ರಿ ದಾಟುವುದು ಪ್ರತಿವರ್ಷದ ಮಾತು. ಮದುವೆಗಳು ದಟ್ಟವಾಗಿರುವುದೂ, ಎಡಿಟಿಂಗ್ ಕೆಲಸ ರಾಶಿ ಬೀಳುವುದೂ ಅದೇ ಎರಡು ತಿಂಗಳು. ಲ್ಯಾಪ್‌ಟಾಪ್ ತಯಾರಕರು ತಮ್ಮ ಯಂತ್ರ ಸರಿಯಾಗಿ ಕೆಲಸ ಮಾಡುವ ಸುತ್ತಲಿನ ಉಷ್ಣಾಂಶದ ಮಿತಿಯನ್ನು ಸಾಮಾನ್ಯವಾಗಿ 35 ಡಿಗ್ರಿ ಎಂದು ಬರೆಯುತ್ತಾರೆ. ಆ್ಯಪಲ್ ಹೇಳುವುದೂ 10ರಿಂದ 35 ಡಿಗ್ರಿ ಎಂದೇ. ತಾರಸಿಯ ಸ್ಲ್ಯಾಬಿನ ಕೆಳಗಿನ ಕೋಣೆಯಲ್ಲಿ ಮಧ್ಯಾಹ್ನ ಎಡಿಟ್ ಮಾಡುವವರು ಆ ಮಿತಿಯ ಆಚೆಗೇ ಕೂತಿರುತ್ತಾರೆ.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಪ್ರೊಸೆಸರ್ ಸುಮಾರು 100 ಡಿಗ್ರಿ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಫ್ಯಾನ್ ಹೊರದಬ್ಬಬಲ್ಲ ಶಾಖ ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ಕೋಣೆ 25 ಡಿಗ್ರಿ ಇದ್ದರೆ ಅಂತರ 75. ಕೋಣೆ 42 ಆದರೆ ಅಂತರ 58. ಅಂದರೆ ಅದೇ ಯಂತ್ರ, ಅದೇ ಫ್ಯಾನು ಸತತವಾಗಿ ತಡೆದುಕೊಳ್ಳುವ ವ್ಯಾಟ್ ಐದನೇ ಒಂದು ಪಾಲಿಗಿಂತ ಹೆಚ್ಚು ಕುಸಿಯುತ್ತದೆ. ಬೆಂಗಳೂರಿನ ಎಸಿ ಕೋಣೆಯಲ್ಲಿ ಪರೀಕ್ಷಿಸಿ ಯೂಟ್ಯೂಬಿನಲ್ಲಿ ಹೇಳುವ ರೆಂಡರ್ ವೇಗ ಇಲ್ಲಿ ಸಿಗದಿರಲು ಇದೇ ಕಾರಣ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಒಯ್ದು, ಏನೂ ಆಗಿಲ್ಲವೆಂದು ಹೇಳಿಸಿಕೊಂಡು ಬರುವವರೂ ಇದರಿಂದಲೇ ಬಳಲುತ್ತಾರೆ.

ಆದ್ದರಿಂದ ಇಲ್ಲಿ ದೊಡ್ಡ ಲ್ಯಾಪ್‌ಟಾಪಿನ ದೊಡ್ಡತನಕ್ಕೆ ಪರದೆಯ ಆಚೆಗೂ ಅರ್ಥವಿದೆ. 17 ಅಥವಾ 18 ಇಂಚಿನ ದಪ್ಪ ಒಡಲಿನಲ್ಲಿ ಅಗಲ ಫ್ಯಾನು, ಉದ್ದ ತಾಮ್ರದ ಕೊಳವೆ, ಹೆಚ್ಚು ಜಾಗದ ಗಾಳಿಕಿಂಡಿ ಹಿಡಿಯುತ್ತವೆ. ಅದೇ ಚಿಪ್ಪನ್ನು ತೆಳ್ಳಗಿನ ಒಡಲಿನಲ್ಲಿ ತುರುಕಿದ ಚೆಲುವಾದ ಯಂತ್ರ ಮೊದಲ ಐದು ನಿಮಿಷ ಓಡಿ ಆಮೇಲೆ ಏದುಸಿರು ಬಿಡುತ್ತದೆ. ಮೇಲಿನ ಚಿಪ್ಪಿನ ತೆಳು ಯಂತ್ರ, ಒಂದು ಮೆಟ್ಟಿಲು ಕೆಳಗಿನ ಚಿಪ್ಪಿನ ದಪ್ಪ ಯಂತ್ರ ಎರಡೂ ಒಂದೇ ಬೆಲೆಗೆ ಸಿಕ್ಕರೆ ಕಲಬುರಗಿಗೆ ಎರಡನೆಯದೇ ಸರಿ. ಚಿಪ್ಪಿನ ಮೆಟ್ಟಿಲು ಏರಲು ಮೀಸಲಿಟ್ಟ ಹಣದಲ್ಲಿ ಕೋಣೆಗೊಂದು ಎಸಿ ಬಂದೀತಾದರೆ ಹಾಗೆ ಮಾಡುವುದು ಯಂತ್ರಕ್ಕೂ ಒಳ್ಳೆಯದು, ಅದರ ಮುಂದೆ ದಿನಕ್ಕೆ ಹತ್ತು ತಾಸು ಕೂಡುವ ಮನುಷ್ಯನಿಗೂ ಒಳ್ಳೆಯದು.

ಎಸಿ ಇಲ್ಲದ ಕಡೆ ಕೂಲರ್ ಇರುತ್ತದೆ. ಒಣಹವೆಯ ಈ ಊರಿನಲ್ಲಿ ಅದು ಚೆನ್ನಾಗಿಯೇ ತಂಪು ಮಾಡುತ್ತದೆ. ಆದರೆ ಕೂಲರಿನ ಗಾಳಿ ನೇರವಾಗಿ ಲ್ಯಾಪ್‌ಟಾಪಿಗೆ ಬಡಿಯುವಂತೆ ಇಡಬಾರದು. ಹನಿಗಳ ಜೊತೆ ಬರುವ ಗಡಸು ನೀರಿನ ಉಪ್ಪು ಕಿಂಡಿಗಳಲ್ಲಿ ಪೊರೆ ಕಟ್ಟುತ್ತದೆ. ಯಂತ್ರವನ್ನು ಗಾದಿ, ಚಾದರದ ಮೇಲೆ ಇಡದೆ ಗಟ್ಟಿ ಸಮತಲದ ಮೇಲೆ, ಹಿಂಬದಿ ಒಂದೆರಡು ಇಂಚು ಎತ್ತರಿಸಿ ಇಟ್ಟರೆ ತಳದ ಕಿಂಡಿ ಉಸಿರಾಡುತ್ತದೆ. ಈ ಭಾಗದ ಅಂಗಡಿಗಳಲ್ಲಿ ಸಾಮಾನ್ಯವಾದ ಶಹಾಬಾದ್ ಕಲ್ಲಿನ ಮೇಜು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಭಾರದ ರೆಂಡರುಗಳನ್ನು ನಸುಕಿನ ಹೊತ್ತಿಗೆ ಇಟ್ಟುಕೊಳ್ಳುವುದು ಪುಕ್ಕಟೆ ಸಿಗುವ ಲಾಭ.

ಧೂಳು ಬಿಸಿಲಿನ ಜೊತೆಗಾರ. ತೊಗರಿ ಬೇಳೆ ಮಿಲ್ಲುಗಳು, ಕಲ್ಲಿನ ಗಣಿಗಳು, ವಾಡಿ-ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ಬೇಸಿಗೆಯಲ್ಲಿ ಬಿರಿದ ಎರೆಹೊಲ ಎಲ್ಲವೂ ಗಾಳಿಗೆ ಪುಡಿ ಸೇರಿಸುತ್ತವೆ. ತಾಮ್ರದ ಕೊಳವೆಯ ತುದಿಯ ರೆಕ್ಕೆಗಳಲ್ಲಿ ಅದು ಕೂತು ಗಾಳಿಯನ್ನು ಅಡ್ಡಗಟ್ಟುತ್ತದೆ. ತಳದ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ತೆರೆಯುವಂತಿದ್ದರೆ ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಫ್ಯಾನ್ ಶುಚಿ ಮಾಡಿಸಬಹುದು. ಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಬೇಕು.

ಕರೆಂಟು

ಕಲ್ಯಾಣ ಕರ್ನಾಟಕಕ್ಕೆ ವಿದ್ಯುತ್ ಹಂಚುವ ಜೆಸ್ಕಾಂನ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಆದರೂ ಬೇಸಿಗೆಯ ಬಿರುಗಾಳಿ-ಮಳೆಯ ಸಂಜೆಗಳಲ್ಲಿ ಕರೆಂಟ್ ಹೋಗುವುದು ನಗರಕ್ಕೂ ಕಮಲಾಪುರಕ್ಕೂ ತಪ್ಪಿದ್ದಲ್ಲ. ಡೆಸ್ಕ್‌ಟಾಪಿನ ಎದುರು ಲ್ಯಾಪ್‌ಟಾಪಿಗೆ ಇರುವ ನಿಜವಾದ ಮೇಲುಗೈ ಇಲ್ಲಿ ಕಾಣುತ್ತದೆ: ಒಳಗಿನ ಬ್ಯಾಟರಿಯೇ ಯುಪಿಎಸ್ ಆಗಿ, ಮೂರು ತಾಸಿನ ಕೆಲಸ ಕಣ್ಣೆದುರು ಅಳಿಸಿಹೋಗುವ ಸಂಕಟ ತಪ್ಪುತ್ತದೆ.

ಆ ಬ್ಯಾಟರಿಯ ಮೇಲೆ ಪೂರ್ತಿ ರೆಂಡರ್ ಮಾಡಬಹುದೆಂಬ ಆಸೆ ಮಾತ್ರ ಇಟ್ಟುಕೊಳ್ಳಬಾರದು. ವಿಮಾನದಲ್ಲಿ ಒಯ್ಯಲು ಅನುಮತಿ ಬೇಡದ ಮಿತಿ 100 ವ್ಯಾಟ್-ಅವರ್ ಆದ್ದರಿಂದ ತಯಾರಕರು ಅದಕ್ಕಿಂತ ದೊಡ್ಡ ಬ್ಯಾಟರಿ ಹಾಕುವುದಿಲ್ಲ. ಯಂತ್ರ 150 ವ್ಯಾಟ್ ಎಳೆದರೆ ಅದು 40 ನಿಮಿಷಕ್ಕೆ ಮುಗಿಯುತ್ತದೆ. ವಿಂಡೋಸ್ ಯಂತ್ರಗಳು ಬ್ಯಾಟರಿಯಲ್ಲಿದ್ದಾಗ ಗ್ರಾಫಿಕ್ಸ್ ಕಾರ್ಡಿನ ವೇಗವನ್ನೂ ತಗ್ಗಿಸುತ್ತವೆ. ಮನೆ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಬಗೆಯದಾಗಿರಲಿ, ಸ್ಕ್ವೇರ್ ವೇವ್ ಬೇಡ. 12 ವೋಲ್ಟ್, 150 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಇದ್ದರೆ 250 ವ್ಯಾಟಿನ ಯಂತ್ರವೊಂದನ್ನೇ ನಾಲ್ಕೈದು ಗಂಟೆ ನಡೆಸಬಹುದು. ವೋಲ್ಟೇಜ್ ಏರಿಳಿತಕ್ಕೆಂದು ಸ್ಟೆಬಿಲೈಸರ್ ಕೊಳ್ಳುವ ಅಗತ್ಯವಿಲ್ಲ, ಏಕೆಂದರೆ ಚಾರ್ಜರುಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ. ಬೇಕಾದದ್ದು ಸರಿಯಾದ ಅರ್ಥಿಂಗ್ ಮತ್ತು ಸಿಡಿಲಿನ ದಿನ ಪ್ಲಗ್ ಕಿತ್ತಿಡುವ ಎಚ್ಚರ. ಮದುವೆ ಮಂಟಪದಲ್ಲಿ ಜನರೇಟರಿನಿಂದ ಎಳೆದ ತಾತ್ಕಾಲಿಕ ವೈರಿಗೆ ಯಂತ್ರ ಸಿಕ್ಕಿಸುವಾಗ ಈ ಎಚ್ಚರ ಇಮ್ಮಡಿಯಾಗಿರಬೇಕು.

ಪರದೆ

ಕಮಲಾಪುರದ ಕೆಂಪು ಬಾಳೆಹಣ್ಣು ಪರದೆಯ ಒಳ್ಳೆಯ ಪರೀಕ್ಷಕ. ಅದರ ಸಿಪ್ಪೆಯಲ್ಲಿ ಕೆಂಪಿನ ಜೊತೆ ಕಂದು, ನೇರಳೆಯ ಛಾಯೆಗಳಿವೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹಾಕುವ ‘45% ಎನ್‌ಟಿಎಸ್‌ಸಿ’ ಪರದೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡರಷ್ಟನ್ನೂ ತೋರಿಸಲಾರದು. ಆ ಹಣ್ಣು ಅದರಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅರಿಶಿನ ಹಚ್ಚುವಾಗಿನ ಹಳದಿ, ಕುಂಕುಮ, ವಧುವಿನ ಸೀರೆಯ ಕೆಂಪು, ನಿಕಾಹ್‌ನ ಮಂಟಪದ ಗುಲಾಬಿ ಎಲ್ಲಕ್ಕೂ ಇದೇ ಗತಿ. ಅಂಥ ಪರದೆಯಲ್ಲಿ ಕೂತ ಎಡಿಟರು ಕೆಂಪು ಸಾಲದೆಂದು ಹೆಚ್ಚಿಸುತ್ತ ಹೋಗುತ್ತಾರೆ. ಮನೆಯವರು ಒಳ್ಳೆಯ ಟಿವಿಯಲ್ಲಿ ನೋಡಿದಾಗ ಎಲ್ಲರ ಮುಖವೂ ಕೆಂಡದಂತೆ ಕಾಣುತ್ತದೆ.

ಟಿವಿ ಮತ್ತು ಯೂಟ್ಯೂಬಿನ ರೂಢಿಯ ಬಣ್ಣಮಟ್ಟವಾದ ರೆಕ್ 709ಕ್ಕೆ ಎಸ್‌ಆರ್‌ಜಿಬಿ 100% ಇರುವ ಪರದೆ ಸಾಕು. ಸಿನಿಮಾ ಕೆಲಸವೋ ಎಚ್‌ಡಿಆರ್ ಕೆಲಸವೋ ಇದ್ದರೆ ಡಿಸಿಐ-ಪಿ3 ಬೇಕು. 16:10 ಅನುಪಾತದ ಪರದೆಯಲ್ಲಿ 16:9ಕ್ಕಿಂತ ಟೈಮ್‌ಲೈನಿಗೆ ಒಂದೆರಡು ಪಟ್ಟಿ ಹೆಚ್ಚು ಜಾಗ ಸಿಗುತ್ತದೆ. ಓಎಲ್‌ಇಡಿ ಪರದೆಯ ಕಪ್ಪು, ಬಣ್ಣ ಎರಡೂ ಕಣ್ಣಿಗೆ ಹಬ್ಬ. ಆದರೆ ಎಡಿಟಿಂಗ್ ತಂತ್ರಾಂಶದ ಕದಲದ ಪಟ್ಟಿಗಳು ದಿನವಿಡೀ ಒಂದೇ ಕಡೆ ಇರುವುದರಿಂದ ಗುರುತು ಉಳಿಯುವ ಭಯ ಇದೆ. ದಿನಪೂರ್ತಿ ಕೂರುವ ಸ್ಟುಡಿಯೊಗೆ ಒಳ್ಳೆಯ ಐಪಿಎಸ್ ಪರದೆ ಹೆಚ್ಚು ಕಾಲ ಬಾಳುತ್ತದೆ. 240 ಹರ್ಟ್ಸ್ ಎಂಬ ಅಂಕಿ ಆಟದವರಿಗೆ. 25 ಫ್ರೇಮಿನ ಮದುವೆ ವಿಡಿಯೊಗೆ ಅದರಿಂದ ಏನೂ ಸಿಗದು.

ಅಕ್ಷರ ಮತ್ತು ಭಾಷೆ

ಕಲಬುರಗಿಯ ಒಂದು ಸ್ಟುಡಿಯೊ ಒಂದೇ ವಾರದಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಹೆಸರುಗಳ ಶೀರ್ಷಿಕೆ ಹಾಕಬೇಕಾದೀತು. ಅಡೋಬ್ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ವಿಭಾಗದ ಪಠ್ಯ ಎಂಜಿನನ್ನು ‘ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್’ ಎಂದು ಬದಲಿಸದಿದ್ದರೆ ಕನ್ನಡದ ಒತ್ತಕ್ಷರ ಚೆದುರುತ್ತದೆ, ಉರ್ದು ಅಕ್ಷರಗಳು ಕೂಡಿಕೊಳ್ಳುವುದಿಲ್ಲ. ಆಫ್ಟರ್ ಎಫೆಕ್ಟ್ಸ್‌ನಲ್ಲೂ ಇದೇ ಆಯ್ಕೆ ಬೇರೆಯಾಗಿ ಇದೆ. ವಧೂವರರ ಹೆಸರೇ ಒಡೆದು ಕಾಣುವ ವಿಡಿಯೊಗಳು ಇಂದಿಗೂ ಹೊರಬರುತ್ತಿರುವುದು ನೋವಿನ ಸಂಗತಿ. ಸರಿಪಡಿಸಲು ಒಂದು ನಿಮಿಷವೂ ಬೇಡ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿದ ಕಡತಗಳು ಹೊಸ ತಂತ್ರಾಂಶಕ್ಕೆ ನೇರ ಬರುವುದಿಲ್ಲ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ನಸ್ತಾಲೀಕ್ ಬರಹಕ್ಕೆ ಇನ್‌ಪೇಜ್ ಬಳಸುವವರು ತಮ್ಮಲ್ಲಿರುವ ಆವೃತ್ತಿ ಮ್ಯಾಕ್‌ನಲ್ಲಿ ಓಡುತ್ತದೆಯೇ ಎಂಬುದನ್ನು ಮ್ಯಾಕ್ ಕೊಳ್ಳುವ ಮೊದಲು ನೋಡಿಕೊಳ್ಳಬೇಕು.

ಹಾಡು, ತತ್ವಪದ, ನಾಟಕಗಳ ಧ್ವನಿಮುದ್ರಣಕ್ಕೆ ಇಷ್ಟು ಬಲ ಬೇಕಿಲ್ಲ. ಆದರೆ ದೊಡ್ಡ ಲ್ಯಾಪ್‌ಟಾಪಿನ ಫ್ಯಾನಿನ ಸದ್ದು ಮೈಕಿಗೆ ಹೊಗುತ್ತದೆ. ನಿರೂಪಣೆ ಮುದ್ರಿಸುವಾಗ ಯಂತ್ರವನ್ನು ನಿಶ್ಶಬ್ದ ಸ್ಥಿತಿಗೆ ಇಳಿಸಬೇಕು, ಇಲ್ಲವೇ ಉದ್ದ ವೈರಿನಿಂದ ದೂರ ಸರಿಸಬೇಕು.

ಸಂಗ್ರಹ ಮತ್ತು ಒಪ್ಪಿಸುವಿಕೆ

ಎರಡು ಎಂ.2 ಸ್ಲಾಟ್ ಇರುವ ಯಂತ್ರವನ್ನೇ ಆರಿಸಬೇಕು: ಒಂದರಲ್ಲಿ ವಿಂಡೋಸ್ ಮತ್ತು ತಂತ್ರಾಂಶ, ಇನ್ನೊಂದರಲ್ಲಿ ನಡೆಯುತ್ತಿರುವ ಕೆಲಸ. ಮುಗಿದ ಕೆಲಸ ಹೊರಗಿನ ಹಾರ್ಡ್‌ಡಿಸ್ಕಿಗೆ ಹೋಗಲಿ, ಆದರೆ ಹಾರ್ಡ್‌ಡಿಸ್ಕಿನ ಮೇಲೆ ನೇರ ಎಡಿಟ್ ಮಾಡುವುದು ಬೇಡ. ಅದು ಸೆಕೆಂಡಿಗೆ ನೂರರಿಂದ ನೂರೈವತ್ತು ಮೆಗಾಬೈಟ್ ಓದಿದರೆ ಒಳಗಿನ ಎನ್‌ವಿಎಂಇ ಎಸ್‌ಎಸ್‌ಡಿ ಸಾವಿರಗಳ ಲೆಕ್ಕದಲ್ಲಿ ಓದುತ್ತದೆ. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಕ್ಯಾಮೆರಾದ ಕಾರ್ಡ್ ಅಳಿಸುವ ಮೊದಲು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಪ್ರತಿ ಇರಲೇಬೇಕು, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇದ್ದರೆ ಇನ್ನೂ ಮೇಲು. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಸ್‌ಡಿ ಕಾರ್ಡ್ ಕಿಂಡಿ ಇಲ್ಲದಿರುವುದು ಸಾಮಾನ್ಯ, ಒಳ್ಳೆಯ ರೀಡರ್ ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಒಪ್ಪಿಸುವಾಗಿನ ತೊಡಕುಗಳು ಹಳ್ಳಿಯ ಟಿವಿಯಲ್ಲಿ ಗೊತ್ತಾಗುತ್ತವೆ. ಎಫ್‌ಎಟಿ32 ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿದರೆ ಹಳೆಯ ಟಿವಿಗಳು ಓದುವುದಿಲ್ಲ, ಎಚ್.265 ಕೊಟ್ಟರೆ ಅನೇಕ ಟಿವಿಗಳಲ್ಲಿ ಸದ್ದು ಮಾತ್ರ ಬರುತ್ತದೆ. 1080ರಲ್ಲಿ, ಎಚ್.264ರಲ್ಲಿ, 4 ಜಿಬಿಯೊಳಗಿನ ತುಂಡುಗಳಾಗಿ ಒಂದು ಪ್ರತಿ ಕೊಡುವುದು ವಾಡಿಕೆಯಾಗಬೇಕು. ಅಪ್‌ಲೋಡ್ ವೇಗ 10 ಮೆಗಾಬಿಟ್ ಇರುವ ಕಡೆ 20 ಜಿಬಿಯ ಫೈಲ್ ಯೂಟ್ಯೂಬಿಗೆ ಏರಲು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆಯ ತೇರು ಎಳೆದ ಸಂಜೆಯೇ ಪೂರ್ಣ ವಿಡಿಯೊ ಹಾಕಬೇಕೆನ್ನುವವರು ಈ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊಳ್ಳುವುದು, ರಿಪೇರಿ

ಕಲಬುರಗಿಯ ಸೂಪರ್ ಮಾರ್ಕೆಟ್, ಸ್ಟೇಷನ್ ರಸ್ತೆಯ ಸುತ್ತಲಿನ ಅಂಗಡಿಗಳಲ್ಲಿ ಸಾಮಾನ್ಯ ಮಾದರಿಗಳನ್ನು ಮುಟ್ಟಿ ನೋಡಬಹುದು. 18 ಇಂಚಿನಂಥವನ್ನು ಹುಡುಕುವವರು ಸುಮಾರು 220 ಕಿ.ಮೀ. ದೂರದ ಹೈದರಾಬಾದಿಗೆ, ಅಲ್ಲಿನ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುವುದುಂಟು, ಬೆಂಗಳೂರಿನ ಎಸ್.ಪಿ. ರಸ್ತೆ ಇನ್ನೂ ದೂರ. ಆನ್‌ಲೈನಿನಲ್ಲಿ ಕೊಂಡರೂ ತೊಂದರೆಯಿಲ್ಲ. ಎಲ್ಲಿಯೇ ಕೊಂಡರೂ ಮನೆಬಾಗಿಲ ಸೇವೆ ತಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಕಂಪನಿಯ ಪುಟದಲ್ಲಿ ಮೊದಲೇ ನೋಡಬೇಕು. ಕಲಬುರಗಿ ನಗರಕ್ಕೆ ಇರುವ ಸೇವೆ ಕಮಲಾಪುರಕ್ಕೆ ಇರಲೇಬೇಕೆಂದಿಲ್ಲ, ಮದುವೆ ಸೀಜನ್ನಿನಲ್ಲಿ ಮೂರು ವಾರ ಯಂತ್ರವಿಲ್ಲದೆ ಕೂಡುವುದು ಸಣ್ಣ ಸ್ಟುಡಿಯೊಗೆ ತಡೆಯಲಾಗದ ಪೆಟ್ಟು. ಮೂರು ವರ್ಷದ ವಾರಂಟಿಗೆ ಕೊಡುವ ಹೆಚ್ಚುವರಿ ಹಣ ಇಲ್ಲಿ ದಂಡವಲ್ಲ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18%. ನೋಂದಾಯಿತ ಸ್ಟುಡಿಯೊ ತನ್ನ ಜಿಎಸ್‌ಟಿ ಸಂಖ್ಯೆಯ ಮೇಲೆ ಬಿಲ್ ಮಾಡಿಸಿದರೆ ಅದನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯಬಹುದು. ಆದಾಯ ತೆರಿಗೆ ಲೆಕ್ಕದಲ್ಲಿ ಗಣಕಕ್ಕೆ ವರ್ಷಕ್ಕೆ 40% ಸವಕಳಿಯೂ ಸಿಗುತ್ತದೆ.

ಒಂದೇ ಅಂಗಡಿಯಲ್ಲಿ ಕೂತು ಎಡಿಟ್ ಮಾಡುವವರಿಗೆ ಲ್ಯಾಪ್‌ಟಾಪ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಬೇಡ ಎಂದೇ. ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಬಲ ಕೊಡುತ್ತದೆ, ತಂಪಾಗಿ ಓಡುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಿಸಿಕೊಳ್ಳಬಹುದು. ಮಂಟಪದಲ್ಲೇ ಕೂತು ಮುಂಜಾನೆಯ ಶಾಸ್ತ್ರಗಳನ್ನು ಸಂಜೆ ಆರತಕ್ಷತೆಯ ಎಲ್‌ಇಡಿ ಪರದೆಗೆ ಏರಿಸುವವರಿಗೆ, ಕಡಗಂಚಿಯ ಹಾಸ್ಟೆಲ್ಲಿನಲ್ಲಿದ್ದು ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗೆ, ಹಗಲು ಕಲಬುರಗಿಯಲ್ಲಿ ಶೂಟ್ ಮಾಡಿ ರಾತ್ರಿ ಕಮಲಾಪುರದ ಮನೆಯಲ್ಲಿ ಎಡಿಟ್ ಮಾಡುವವರಿಗೆ ಮಾತ್ರ ಲ್ಯಾಪ್‌ಟಾಪ್ ಅನಿವಾರ್ಯ.

ಕೈಯಲ್ಲಿ ಹಣ ಕಡಿಮೆ ಇದ್ದವರಿಗೆ ಕಂಪನಿಗಳಿಂದ ಮರಳಿ ಬಂದ ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಪಿ ಸರಣಿಯ ಸೆಕೆಂಡ್ ಹ್ಯಾಂಡ್ ಯಂತ್ರಗಳು ಯೋಚಿಸತಕ್ಕವು. ಅವುಗಳ ಒಡಲು ಗಟ್ಟಿ, ಬಿಡಿಭಾಗ ಬದಲಿಸುವುದು ಸುಲಭ, ಪರದೆ ಸಾಮಾನ್ಯವಾಗಿ ಒಳ್ಳೆಯದು. ಕೊಳ್ಳುವಾಗ ಬ್ಯಾಟರಿಯ ಈಗಿನ ಸಾಮರ್ಥ್ಯವನ್ನು ವಿಂಡೋಸಿನ ಬ್ಯಾಟರಿ ವರದಿಯಲ್ಲಿ, ಎಸ್‌ಎಸ್‌ಡಿಯ ಸವೆತವನ್ನು ಅದರ ಸ್ಮಾರ್ಟ್ ಮಾಹಿತಿಯಲ್ಲಿ ನೋಡಬೇಕು. ಬಯೋಸ್‌ಗೆ ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಯಂತ್ರ ಬೇಡ. ಆಮೇಲೆ ಅಂಗಡಿಯಲ್ಲೇ ಚಾರ್ಜರ್ ಹಾಕಿ ಅರ್ಧ ಗಂಟೆಯ ರೆಂಡರ್ ಒಂದನ್ನು ಹಚ್ಚಿ, ಮೊದಲ ಐದು ನಿಮಿಷದ ವೇಗವನ್ನೂ ಕೊನೆಯ ಐದು ನಿಮಿಷದ ವೇಗವನ್ನೂ ಬರೆದಿಟ್ಟು ಹೋಲಿಸಬೇಕು. ಎರಡನೆಯದು ಮೊದಲಿನದರ ಅರ್ಧಕ್ಕೆ ಇಳಿದಿದ್ದರೆ ಫ್ಯಾನ್, ಥರ್ಮಲ್ ಪೇಸ್ಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು.